‘ವಿಶೇಷ ಏನಮ್ಮಾ?’ ಎಂದು ಕೇಳುವ ಮುನ್ನ



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಪರಸ್ಪರ ಕುಶಲ ವಿಚಾರಿಸುವಾಗ, ಮದುವೆಯಾಗಿ ವರ್ಷ ಕಳೆದ ಹೆಣ್ಣುಮಗಳು ಎದುರಾದರೆ ನಮ್ಮ ಬಾಯಿಂದ ತಾನಾಗಿ ಹೊರಡುವ ಪ್ರಶ್ನೆಯೊಂದಿದೆ: “ಏನಮ್ಮಾ, ವಿಶೇಷ ಏನೂ ಇಲ್ಲವೇ?” ಕೇಳಿದವರು ಅದನ್ನು ಮರೆತು ಮನೆಗೆ ಹೋಗಿ ನೆಮ್ಮದಿಯಿಂದ ಊಟಕ್ಕೆ ಕೂರುತ್ತಾರೆ. ಕೇಳಿಸಿಕೊಂಡವಳಿಗೆ ಆ ದಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಪ್ರೀತಿಯಿಂದಲೇ ಕೇಳಿದೆವೆಂದು ನೀವು ಹೇಳಬಹುದು. ಇರಬಹುದು. ಆದರೆ ಉತ್ತರ ಕೇಳುವ ಸಿದ್ಧತೆಯಿಲ್ಲದೆ ಕೇಳುವ ಪ್ರಶ್ನೆಯನ್ನು ಪ್ರೀತಿಯೆಂದು ಕರೆಯಲು ನಾನು ಒಪ್ಪುವುದಿಲ್ಲ.

ಮಕ್ಕಳಿಲ್ಲದ ದಂಪತಿಗಳ ಪೈಕಿ, ನಮ್ಮ ಪ್ರವಚನಗಳಲ್ಲಾಗಲಿ ವಿವಾಹ ಸಿದ್ಧತಾ ಶಿಬಿರಗಳಲ್ಲಾಗಲಿ ಎಂದೂ ಪ್ರಸ್ತಾಪಕ್ಕೆ ಬಾರದ ಒಂದು ವರ್ಗವಿದೆ. ಅವರಿಗೆ ಮಕ್ಕಳಾಗದಿರಲು ಬಂಜೆತನ ಕಾರಣವಲ್ಲ, ಪರಸ್ಪರ ದ್ವೇಷವೂ ಕಾರಣವಲ್ಲ. ಪತಿಪತ್ನಿಯರ ಐಕ್ಯದ ಕ್ಷಣದಲ್ಲಿ ಪತ್ನಿಯ ದೇಹ, ಅವಳ ಇಚ್ಛೆಗೆ ವಿರುದ್ಧವಾಗಿ, ಕದ ಮುಚ್ಚಿಕೊಳ್ಳುತ್ತದೆ. ಬಲವಂತಪಡಿಸಿದರೆ ಅಸಹನೀಯವಾದ ನೋವು. ವೈದ್ಯರು ಇದನ್ನು ವಜೈನಿಸ್ಮಸ್ ಎನ್ನುತ್ತಾರೆ. ಇಂತಹ ಸ್ಥಿತಿಯಲ್ಲಿರುವವಳು ತಾಯಿಯಾಗಲು ಬಯಸಿದಾಗ ನಮ್ಮ ಕುಟುಂಬಗಳು, ನಮ್ಮ ಆಸ್ಪತ್ರೆಗಳು, ಗುರುಗಳಾದ ನಾವು ಅವಳೊಂದಿಗೆ ನಡೆದುಕೊಳ್ಳುವ ರೀತಿ ಸರಿಯಿಲ್ಲ ಎಂಬುದೇ ಈ ಲೇಖನದ ದೂರು.

“ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಇಂಥದ್ದನ್ನೆಲ್ಲ ಬರೆಯಬಹುದೇ ಫಾದರ್?” ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಪೋಪ್ ದ್ವಿತೀಯ ಜಾನ್ ಪಾಲರು 1979ರಿಂದ 1984ರವರೆಗೆ ತಮ್ಮ ಬುಧವಾರದ ದರ್ಶನಗಳಲ್ಲಿ ಮಾನವ ದೇಹದ ಕುರಿತು, ದಾಂಪತ್ಯದ ಐಕ್ಯದ ಕುರಿತು ಲೋಕವೆಲ್ಲ ಕೇಳುವಂತೆ ಬೋಧಿಸಿದರು. ರೋಮಿನಲ್ಲಿ ಆಡಬಹುದಾದ ಮಾತು ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಮೈಲಿಗೆಯಾಗುವುದು ಹೇಗೆ? ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಪಾಪನಿವೇದನೆಯ ಪೀಠದಲ್ಲಿ ಕೇಳಿದ ಒಂದಕ್ಷರವೂ ಇಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ. ಯಾರೂ ತಮ್ಮ ನೆರೆಹೊರೆಯವರನ್ನು ಇಲ್ಲಿ ಹುಡುಕಬೇಕಾಗಿಲ್ಲ.

ಕಣ್ಣಿನ ಬಳಿ ಬೆರಳು ತಂದರೆ ರೆಪ್ಪೆ ಮುಚ್ಚುತ್ತದೆ. ಮುಚ್ಚಬೇಡವೆಂದು ಎಷ್ಟು ಆಜ್ಞಾಪಿಸಿದರೂ ಮುಚ್ಚುತ್ತದೆ. ಪೆಲ್ವಿಕ್ ಫ್ಲೋರ್ ಎಂದು ವೈದ್ಯರು ಕರೆಯುವ ಶ್ರೋಣಿತಳದ ಸ್ನಾಯುಗಳು ಹೀಗೆಯೇ ತಮಗೆ ತಾವೇ ಬಿಗಿದುಕೊಳ್ಳುವುದು ಈ ತೊಂದರೆಯ ಸ್ವರೂಪ. ಕೆಲವರಿಗೆ ಇದು ವಿವಾಹದ ಮೊದಲ ರಾತ್ರಿಯಿಂದಲೇ ಇರುತ್ತದೆ. ಕೆಲವರಿಗೆ ಹೆರಿಗೆಯ ಗಾಯ, ಸೋಂಕು, ಶಸ್ತ್ರಚಿಕಿತ್ಸೆಗಳ ನಂತರ ಬರುತ್ತದೆ. ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ ಕಾರಣವಾಗಿರಬಹುದು. ದೇಹವೆಂದರೆ ಕೊಳಕು, ಅದರ ಹೆಸರೆತ್ತುವುದೇ ಪಾಪ ಎಂದು ಹೆಣ್ಣುಮಕ್ಕಳಿಗೆ ನಾವೇ ತುಂಬಿದ ಭಯವೂ ಕಾರಣವಾಗಿರಬಹುದು. ಯಾವ ಕಾರಣವೂ ಕಾಣದೆ ಬರುವುದೂ ಉಂಟು. ಪತಿಯ ಮೇಲಿನ ಅವಳ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ಮಗುವಿನ ಹಂಬಲಕ್ಕೂ ಸಂಬಂಧವಿಲ್ಲ.

ಈ ಹೆಸರನ್ನು ವೈದ್ಯಶಾಸ್ತ್ರಕ್ಕೆ ಕೊಟ್ಟವನು ಅಮೆರಿಕದ ಮೇರಿಯನ್ ಸಿಮ್ಸ್, 1862ರಲ್ಲಿ. ಅವನು ಕಂಡುಕೊಂಡ ಪರಿಹಾರ ಕತ್ತಿ. ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಶಸ್ತ್ರಪ್ರಯೋಗ ನಡೆಸಿದ ವೈದ್ಯನೂ ಅವನೇ. ಅದೇ ಕಾರಣಕ್ಕೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆರವುಗೊಳಿಸಲಾಯಿತು. ಅಲ್ಲಿಂದ ವೈದ್ಯಶಾಸ್ತ್ರ ಬಹುದೂರ ಬಂದಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ನೋವು, ನೋವಿನ ಭಯ, ಸ್ನಾಯುಗಳ ಬಿಗಿತ ಇವೆಲ್ಲವನ್ನೂ ಒಂದೇ ತೊಂದರೆಯ ಮುಖಗಳೆಂದು ಒಟ್ಟುಗೂಡಿಸಿತು. ಇಂದಿನ ಚಿಕಿತ್ಸೆಯಲ್ಲಿ ಕತ್ತಿಗೆ ಸ್ಥಾನವಿಲ್ಲ. ದೇಹದ ಬಗ್ಗೆ ತಿಳುವಳಿಕೆ, ಉಸಿರಾಟ ಮತ್ತು ಸ್ನಾಯು ಸಡಿಲಿಸುವ ಅಭ್ಯಾಸ, ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ನೆರವು, ಡೈಲೇಟರ್ ಎಂಬ ನಯವಾದ ಸಾಧನಗಳನ್ನು ಚಿಕ್ಕದರಿಂದ ಆರಂಭಿಸಿ ತನ್ನದೇ ಕೈಯಿಂದ ಬಳಸುತ್ತಾ ಭಯ ಕಳೆದುಕೊಳ್ಳುವುದು, ಅಗತ್ಯವಿದ್ದರೆ ಆಪ್ತಸಮಾಲೋಚನೆ: ಇವು ಮುಖ್ಯ. ತಾಳ್ಮೆಯಿಂದ ನಡೆಸಿದರೆ ಗುಣ ಕಾಣುವವರೇ ಹೆಚ್ಚು.

ಹೀಗಿರುವಾಗ ನಾವು ಮಾಡುವುದೇನು? “ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ, ಸ್ವಲ್ಪ ಸಹಿಸಿಕೋ” ಎಂದು ಹಿರಿಯ ಹೆಂಗಸರು ಬೋಧಿಸುತ್ತಾರೆ. ಪತಿಗೆ ಅವನ ಸ್ನೇಹಿತರು “ಗಂಡಸಾಗಿ ನಡೆದುಕೋ” ಎನ್ನುತ್ತಾರೆ. ಇವೆರಡೂ ಸೇರಿ ಒಂದು ಕೋಣೆಯಲ್ಲಿ ಏನು ನಡೆಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಬಲವಂತದ ಪ್ರತಿಯೊಂದು ಪ್ರಯತ್ನವೂ ಆ ಸ್ನಾಯುಗಳಿಗೆ ‘ಅಪಾಯವಿದೆ, ಮುಚ್ಚಿಕೋ’ ಎಂಬ ಪಾಠವನ್ನು ಇನ್ನಷ್ಟು ಗಟ್ಟಿಯಾಗಿ ಕಲಿಸುತ್ತದೆ. ಇದಕ್ಕೆ ಸಂತ ಪೌಲರನ್ನು ಸಾಕ್ಷಿಗೆ ಕರೆಯುವ ಗಂಡಂದಿರೂ ಇದ್ದಾರೆ! ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಪತ್ನಿಯ ದೇಹದ ಮೇಲೆ ಪತಿಗೆ ಅಧಿಕಾರವುಂಟೆಂದು ಓದಿ ಅಲ್ಲಿಗೇ ಗ್ರಂಥ ಮುಚ್ಚುತ್ತಾರೆ. ಅದೇ ವಚನದ ಉಳಿದರ್ಧದಲ್ಲಿ ಪತಿಯ ದೇಹವೂ ಪತ್ನಿಗೆ ಸೇರಿದ್ದು. ಎಂದಮೇಲೆ ಅವಳು ‘ಇಂದು ಬೇಡ’ ಎಂದರೆ ಅವನ ದೇಹ ತಡೆದು ನಿಲ್ಲಬೇಕಲ್ಲವೇ? ಪೋಪ್ ಆರನೆಯ ಪಾಲರು 1968ರ ‘ಹ್ಯೂಮಾನೆ ವೀಟೆ’ ಪತ್ರದ 13ನೆಯ ಪರಿಚ್ಛೇದದಲ್ಲಿ, ಸಂಗಾತಿಯ ಸ್ಥಿತಿಯನ್ನೂ ನ್ಯಾಯವಾದ ಬಯಕೆಯನ್ನೂ ಲೆಕ್ಕಿಸದೆ ಹೇರುವ ಸಂಗಮವು ಪ್ರೇಮದ ಕಾರ್ಯವೇ ಅಲ್ಲವೆಂದು ಬೋಧಿಸಿದ್ದಾರೆ. ಆ ಪತ್ರವನ್ನು ನಾವು ಕುಟುಂಬ ಯೋಜನೆಯ ವಿಷಯ ಬಂದಾಗಲೆಲ್ಲ ಉದ್ಧರಿಸುತ್ತೇವೆ. ಈ ಪರಿಚ್ಛೇದವನ್ನು ಮಾತ್ರ ಯಾಕೋ ಹಾರಿಸಿಬಿಡುತ್ತೇವೆ.

ಇನ್ನು ಕೆಲವು ಕುಟುಂಬಗಳು ವೈದ್ಯರನ್ನು ಕಾಣುವ ಮೊದಲೇ ಧರ್ಮಸಭೆಯ ನ್ಯಾಯಮಂಡಳಿಯ ಬಾಗಿಲು ಬಡಿಯಲು ಹೊರಡುತ್ತವೆ. “ಹುಡುಗಿಯಲ್ಲಿ ದೋಷವಿದೆ, ಮದುವೆ ರದ್ದಾಗಲಿ.” ಸ್ವಲ್ಪ ನಿಧಾನಿಸಿ. 1983ರ ಧರ್ಮಸಭಾ ಕಾನೂನು ಸಂಹಿತೆಯ 1084ನೆಯ ವಿಧಿಯ ಪ್ರಕಾರ ವಿವಾಹವನ್ನು ಅಸಿಂಧುಗೊಳಿಸಬೇಕಾದರೆ ಸಂಗಮದ ಅಸಾಮರ್ಥ್ಯವು ವಿವಾಹಕ್ಕೆ ಮೊದಲೇ ಇದ್ದಿರಬೇಕು, ಶಾಶ್ವತವೂ ಆಗಿರಬೇಕು. ಸಾಮಾನ್ಯ ಚಿಕಿತ್ಸೆಯಿಂದ ಗುಣವಾಗುವುದನ್ನು ಶಾಶ್ವತವೆನ್ನಲಾಗದು. ಸಂದೇಹವಿದ್ದಲ್ಲಿ ವಿವಾಹವನ್ನು ಅಸಿಂಧುವೆಂದು ಸಾರುವಂತಿಲ್ಲ. ಬಂಜೆತನವಂತೂ ವಿವಾಹಕ್ಕೆ ಅಡ್ಡಿಯೇ ಅಲ್ಲ. ಇವೆಲ್ಲ ಅದೇ ವಿಧಿಯಲ್ಲಿವೆ. ಇನ್ನು 1061ನೆಯ ವಿಧಿ ದಾಂಪತ್ಯದ ಪೂರ್ಣತೆಯು ‘ಮಾನವೋಚಿತ ರೀತಿಯಲ್ಲಿ’ ಆಗಿರಬೇಕೆನ್ನುತ್ತದೆ. ಈ ಎರಡು ಪದಗಳು 1917ರ ಹಳೆಯ ಸಂಹಿತೆಯಲ್ಲಿರಲಿಲ್ಲ. ಹಿಂಸೆಯಿಂದ ಸಾಧಿಸಿದ್ದು ಮಾನವೋಚಿತವಲ್ಲ. ನಮ್ಮ ನಾಡಿನ ಕ್ರೈಸ್ತ ವಿಚ್ಛೇದನ ಕಾನೂನಿಗೆ 2001ರಲ್ಲಾದ ತಿದ್ದುಪಡಿಯೂ ‘ಬೇಕೆಂದೇ ನಿರಾಕರಿಸಿದ್ದರೆ’ ಎಂದೇ ಹೇಳುತ್ತದೆ. ರೆಪ್ಪೆ ಮುಚ್ಚಿದ್ದನ್ನು ‘ಬೇಕೆಂದೇ ನಿರಾಕರಿಸಿದ್ದು’ ಎನ್ನುವವರಿಗೆ ಏನೆನ್ನೋಣ? ಪೂರ್ಣಗೊಳ್ಳದ ವಿವಾಹವನ್ನು ನ್ಯಾಯವಾದ ಕಾರಣಕ್ಕಾಗಿ ವಿಸರ್ಜಿಸುವ ಅಧಿಕಾರ ಪೋಪರಿಗಿದೆ. ನೊಂದವರಿಗೆ ಆ ದಾರಿ ಬೇಕಾಗುವ ಸಂದರ್ಭಗಳೂ ಇವೆ. ಒಮ್ಮೆಯೂ ಚಿಕಿತ್ಸೆಯ ಹೆಸರೆತ್ತದೆ ಆ ದಾರಿ ಹಿಡಿಯುವುದನ್ನಷ್ಟೇ ನಾನು ವಿರೋಧಿಸುತ್ತಿದ್ದೇನೆ.

ಈಗ ಗುರುಗಳಾದ ನಮ್ಮ ಸರದಿ. ಸಮುವೇಲನ ಮೊದಲ ಗ್ರಂಥದ ಮೊದಲ ಅಧ್ಯಾಯ ತೆರೆಯಿರಿ. ಮಗುವಿಗಾಗಿ ಎದೆಬಿರಿಯೆ ಅತ್ತು ಮೌನವಾಗಿ ಪ್ರಾರ್ಥಿಸುತ್ತಿದ್ದ ಹನ್ನಳನ್ನು ದೇವಾಲಯದ ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿ ನೋಡುತ್ತಾನೆ. ಅವಳ ತುಟಿ ಮಾತ್ರ ಅಲುಗುತ್ತಿದೆ, ಧ್ವನಿಯಿಲ್ಲ. ಅವನ ತೀರ್ಮಾನ: ಇವಳು ಕುಡಿದಿದ್ದಾಳೆ! ಇಡೀ ಪವಿತ್ರ ಗ್ರಂಥದಲ್ಲಿ ಯಾಜಕರಿಗೆ ಇದಕ್ಕಿಂತ ತೀಕ್ಷ್ಣವಾದ ಪಾಠ ವಿರಳ. ನಮ್ಮಲ್ಲಿ ‘ಕುಡಿದಿದ್ದಾಳೆ’ ಎನ್ನುವುದಿಲ್ಲ; ‘ವಿಶ್ವಾಸ ಸಾಲದು’ ಎನ್ನುತ್ತೇವೆ. ಒಂಬತ್ತು ಮಂಗಳವಾರ ಸಂತ ಅಂತೋನಿಯವರ ನವೇನಕ್ಕೆ ಬನ್ನಿ, ವೇಳಾಂಗಣಿಗೆ ಹೋಗಿ ತೊಟ್ಟಿಲ ಹರಕೆ ಹೊರಿ ಎಂದು ಕಳುಹಿಸುತ್ತೇವೆ. ನವೇನವನ್ನು ನಾನು ಹಗುರವಾಗಿ ಕಾಣುವವನಲ್ಲ. ನಾನೇ ಪ್ರತಿವಾರ ನಡೆಸುತ್ತೇನೆ. ಆದರೆ ಕಾಲು ಮುರಿದವನನ್ನು ಮೂಳೆ ವೈದ್ಯರ ಬಳಿ ಕಳುಹಿಸಿ ಅನಂತರ ಅವನಿಗಾಗಿ ಪ್ರಾರ್ಥಿಸುವ ನಾವು, ಈ ಹೆಣ್ಣಿಗೆ ಮಾತ್ರ ಪ್ರಾರ್ಥನೆಯನ್ನೇ ವೈದ್ಯರ ಬದಲಿಗೆ ಕೊಡುವುದೇಕೆ? ಏಲಿಯ ಪರವಾಗಿ ಒಂದು ಮಾತು ಹೇಳಬೇಕು: ಹನ್ನಳು ಬಾಯಿಬಿಟ್ಟಾಗ ಅವನು ಕೇಳಿಸಿಕೊಂಡ, ಮಾತು ಬದಲಿಸಿದ, ಹರಸಿ ಕಳುಹಿಸಿದ.

ಹಾಗಾದರೆ ಇಂತಹ ದಂಪತಿಗಳು ಮಗುವಿನ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು? ನಾನು ವೈದ್ಯನಲ್ಲ, ಬಲ್ಲವರಿಂದ ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಎಲ್ಲಕ್ಕಿಂತ ಮೊದಲು ‘ಬಂಜೆತನ’ ಎಂಬ ತಪ್ಪು ಚೀಟಿಯನ್ನು ಹರಿದು ಹಾಕಬೇಕು. ಬಾಗಿಲು ತೆರೆಯದ ಮನೆಯನ್ನು ಪಾಳುಮನೆ ಎನ್ನಲಾದೀತೇ? ಅವಳ ಗರ್ಭಕೋಶ, ಅಂಡಾಶಯಗಳು ಪೂರ್ಣ ಆರೋಗ್ಯವಾಗಿರಬಹುದು. ಆದರೂ ಇವರು ಬಂಜೆತನ ನಿವಾರಣಾ ಕೇಂದ್ರದ ಮೆಟ್ಟಿಲೇರಿದರೆ, ‘ಮಗು ತಾನೇ ಬೇಕು?’ ಎಂದು ನೇರವಾಗಿ ಪ್ರನಾಳ ಶಿಶುವಿನ ದರಪಟ್ಟಿ ಮುಂದಿಡುವ ಸ್ಥಳಗಳಿವೆ. ಆ ಹೆಣ್ಣಿನ ನೋವನ್ನು ಕೇಳದೆ ಅದರ ಪಕ್ಕದಲ್ಲಿ ರಸ್ತೆ ಹಾಕಿ ಹೋಗುವ ಈ ಆತುರ ಅತ್ತೆಯ ಆತುರಕ್ಕಿಂತ ಬೇರೆಯೇನಲ್ಲ, ದುಬಾರಿ ಮಾತ್ರ. ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಿದೆ. 1987ರ ‘ದೋನುಂ ವೀತೆ’, 2008ರ ‘ದಿಗ್ನಿತಾಸ್ ಪೆರ್ಸೋನೆ’ ಎರಡೂ ದಾಂಪತ್ಯದ ಸಂಗಮಕ್ಕೆ ನೆರವಾಗುವ ವೈದ್ಯಕೀಯವನ್ನು ಸ್ವಾಗತಿಸುತ್ತವೆ, ಅದರ ಸ್ಥಾನವನ್ನೇ ಕಸಿಯುವ ತಂತ್ರವನ್ನು ಒಪ್ಪುವುದಿಲ್ಲ. ವಜೈನಿಸ್ಮಸ್ಸಿನ ಚಿಕಿತ್ಸೆ ಸಂಪೂರ್ಣವಾಗಿ ಮೊದಲನೆಯ ಬಗೆಯದು. ಡೈಲೇಟರ್ ಬಳಸುವುದು ಪಾಪವೇ ಎಂದು ಅಳುಕುವವರಿಗೆ ನೇರವಾಗಿ ಹೇಳುತ್ತೇನೆ: ಅಲ್ಲ. ಅದು ಔಷಧ.

ಆದರೆ ‘ಇದು ಬೇಡ’ ಎನ್ನುವ ನಾವು ‘ಇದನ್ನು ಮಾಡಿ, ಇಲ್ಲಿಗೆ ಹೋಗಿ’ ಎನ್ನಬೇಕಲ್ಲವೇ? ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಶ್ರೋಣಿತಳದ ಫಿಸಿಯೋಥೆರಪಿಯಲ್ಲಿ ತರಬೇತಿ ಪಡೆದ ಒಬ್ಬರಾದರೂ ಇದ್ದಾರೆ? ನಿಷೇಧವನ್ನು ಮಾತ್ರ ಉಚಿತವಾಗಿ ಹಂಚಿ ನೆರವನ್ನು ನಗರದ ಖಾಸಗಿ ಆಸ್ಪತ್ರೆಗೆ ಬಿಟ್ಟುಕೊಟ್ಟರೆ ನಮ್ಮ ಬೋಧನೆಗೆ ಯಾರು ಬೆಲೆ ಕೊಟ್ಟಾರು? ಪತಿಯ ವೀರ್ಯವನ್ನು ಮನೆಯಲ್ಲೇ ಸಿರಿಂಜಿನ ಮೂಲಕ ಸೇರಿಸಿಕೊಳ್ಳುವ ಸಲಹೆಯನ್ನು ಕೆಲವು ವೈದ್ಯರು ಕೊಡುತ್ತಾರೆ. ಸಂಗಮದ ಬದಲಿಗೆ ಮಾಡುವ ಈ ಕ್ರಮವನ್ನು ಧರ್ಮಸಭೆ ಸಮ್ಮತಿಸುವುದಿಲ್ಲ. ಆದರೂ ಹತಾಶೆಯಲ್ಲಿ ಆ ದಾರಿ ಹಿಡಿದವರ ಮೇಲೆ ಕಲ್ಲೆತ್ತುವವರು ಮೊದಲು ತಾವು ಅವರಿಗೆ ಯಾವ ಸಹಾಯ ಮಾಡಿದ್ದೆವೆಂದು ನೆನಪಿಸಿಕೊಳ್ಳಲಿ. ಹಾಗೆ ಹುಟ್ಟಿದ ಕೂಸಿನ ಜ್ಞಾನಸ್ನಾನಕ್ಕೆ ಯಾವ ಗುರುವೂ ಮುಖ ಸಿಂಡರಿಸಬಾರದು.

ಶಿಬಿರಗಳಲ್ಲಿ ಕಲಿಸುವ ಬಿಲ್ಲಿಂಗ್ಸ್ ವಿಧಾನವನ್ನು ನಾವು ಮಗುವನ್ನು ಮುಂದೂಡುವ ಉಪಾಯವೆಂದೇ ಪರಿಚಯಿಸುತ್ತೇವೆ. ಫಲವತ್ತಾದ ದಿನಗಳನ್ನು ಗುರುತಿಸಿ ಗರ್ಭಧಾರಣೆಗೂ ಅದನ್ನು ಬಳಸಬಹುದು. ದೇಹದ ಹೊರಭಾಗದಲ್ಲಿ ಅನುಭವಕ್ಕೆ ಬರುವ, ಕಣ್ಣಿಗೆ ಕಾಣುವ ಲಕ್ಷಣಗಳನ್ನಷ್ಟೇ ಗಮನಿಸುವ ಈ ವಿಧಾನಕ್ಕೆ ಯಾವ ಒಳಪರೀಕ್ಷೆಯೂ ಬೇಕಿಲ್ಲ. ಮುಟ್ಟಿದರೆ ನಡುಗುವ ಹೆಣ್ಣಿಗೆ ಇದೆಷ್ಟು ದೊಡ್ಡ ಅನುಕೂಲವೆಂದು ಯಾರಾದರೂ ಹೇಳಿದ್ದುಂಟೇ? ಚಿಕಿತ್ಸೆ ಪೂರ್ಣವಾಗುವ ಮೊದಲೇ, ಸಂಗಮ ಪರಿಪೂರ್ಣವಾಗದೆಯೂ ಆ ದಿನಗಳಲ್ಲಿ ಗರ್ಭ ನಿಲ್ಲುವುದುಂಟು. ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ, ವೈದ್ಯರನ್ನು ಕೇಳಿ ಮೊದಲೇ ಆರಂಭಿಸುವುದು ಒಳಿತು.

ಗರ್ಭ ನಿಂತಿತೆನ್ನಿ. ಮನೆಯವರಿಗೆ ಹಬ್ಬ. “ಬಸುರಾದಳಲ್ಲ, ಇನ್ನೇನು ತೊಂದರೆ?” ಅವಳಿಗೆ ಮಾತ್ರ ಎರಡನೆಯ ಭಯ ಆಗಲೇ ಹುಟ್ಟಿರುತ್ತದೆ: ಹೆರಿಗೆಯ ಕೋಣೆ. ಒಂದು ಬೆರಳಿನ ಪರೀಕ್ಷೆಯನ್ನೂ ಸಹಿಸಲಾಗದವಳು ಮಗುವನ್ನು ಹೆರುವುದೆಂತು? ಇಲ್ಲಿ ಎರಡು ಸುಳ್ಳುಗಳು ಪ್ರಚಾರದಲ್ಲಿವೆ. ಇಂಥವಳಿಗೆ ಸಿಸೇರಿಯನ್ನೇ ಗತಿ ಎಂಬುದು ಒಂದು. ಹೆತ್ತರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ಇನ್ನೊಂದು. ವಜೈನಿಸ್ಮಸ್ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಈ ತೊಂದರೆಯಿದ್ದೂ ಸಹಜವಾಗಿ ಹೆತ್ತವರಿದ್ದಾರೆ. ಗರ್ಭಕೋಶದ ಸಂಕೋಚನ ಅವಳ ಭಯವನ್ನು ಕೇಳಿ ನಡೆಯುವುದಿಲ್ಲ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ನೋವನ್ನು ತಗ್ಗಿಸಿ ಮೈ ಸಡಿಲಿಸಲು ನೆರವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4. ಈ ಪ್ರವಾಹದಲ್ಲಿ ಭಯಗೊಂಡ ಹೆಣ್ಣನ್ನು ತಳ್ಳುವುದು ಬಹಳ ಸುಲಭ. ಹಾಗೆಂದು, ಎಲ್ಲವನ್ನೂ ತಿಳಿದು, ಮುಂದಿನ ಬಸಿರುಗಳ ಮೇಲಿನ ಪರಿಣಾಮವನ್ನೂ ವೈದ್ಯರೊಡನೆ ಚರ್ಚಿಸಿ ಅವಳೇ ಸಿಸೇರಿಯನ್ ಆರಿಸಿಕೊಂಡರೆ ಅವಳನ್ನು ಹೇಡಿಯೆನ್ನುವ ಹಕ್ಕು ಯಾರಿಗೂ ಇಲ್ಲ.

ನೋವಿನಿಂದಲೇ ಹೆರಬೇಕೆಂದು ಆದಿಕಾಂಡದಲ್ಲಿ ದೇವರೇ ವಿಧಿಸಿದ್ದಾರಲ್ಲ ಎನ್ನುವ ಭಕ್ತರಿಗೆ ಉತ್ತರ ಹಳೆಯದೇ ಇದೆ. 1956ರ ಜನವರಿ 8ರಂದು ಪೋಪ್ ಹನ್ನೆರಡನೆಯ ಪಿಯೂಸರು ವೈದ್ಯರನ್ನುದ್ದೇಶಿಸಿ ಮಾತನಾಡುತ್ತಾ, ಹೆರಿಗೆ ನೋವನ್ನು ಶಮನಗೊಳಿಸುವುದು ಪವಿತ್ರ ಗ್ರಂಥಕ್ಕೆ ವಿರುದ್ಧವಲ್ಲವೆಂದು ಸ್ಪಷ್ಟಪಡಿಸಿದರು. ಹೊಲದಲ್ಲಿ ಮುಳ್ಳು ಬೆಳೆಯುವುದೆಂದು ಆದಾಮನಿಗೂ ಹೇಳಲಾಗಿತ್ತು. ಕಳೆ ಕೀಳುವುದನ್ನು ನಮ್ಮ ರೈತರು ನಿಲ್ಲಿಸಿದ್ದಾರೆಯೇ?

ಅವಳಿಗೆ ಬೇಕಾದದ್ದು ಕಾಗದದ ಮೇಲೆ ಬರೆದ ಒಂದು ಹೆರಿಗೆ ಯೋಜನೆ, ಅದೂ ಏಳನೆಯ ತಿಂಗಳಿಗೆ ಮೊದಲೇ. ತನಗೆ ಈ ತೊಂದರೆಯಿದೆ ಎಂಬುದು ಅದರ ಮೊದಲ ಸಾಲಿನಲ್ಲಿರಲಿ; ಬಾಯಿಂದ ಹೇಳಲಾಗದ್ದನ್ನು ಕಾಗದ ಹೇಳುತ್ತದೆ. ಸಾಧ್ಯವಿದ್ದಷ್ಟೂ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್. ಒಳಗಿನಿಂದ ಅನಿವಾರ್ಯವಾದರೆ ಸಾಧನವನ್ನು ತಾನೇ ಇರಿಸಿಕೊಳ್ಳುವ ಅವಕಾಶ. ಒಳಪರೀಕ್ಷೆ ಅಗತ್ಯಕ್ಕೆ ತಕ್ಕಷ್ಟು, ಸಾಧ್ಯವಾದರೆ ಒಬ್ಬರಿಂದಲೇ, ಪ್ರತಿಬಾರಿ ಅನುಮತಿ ಕೇಳಿ, ‘ನಿಲ್ಲಿಸಿ’ ಎಂದಾಗ ನಿಲ್ಲಿಸಿ. ಇದು ಅತಿಯಾದ ಬೇಡಿಕೆಯಲ್ಲ. ಸಹಜ ಹೆರಿಗೆಯ ಸಕ್ರಿಯ ಹಂತದಲ್ಲಿ ನಾಲ್ಕು ಗಂಟೆಗಳ ಅಂತರದಲ್ಲಿ ಒಳಪರೀಕ್ಷೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರ ಶಿಫಾರಸಿನಲ್ಲಿ ಹೇಳಿದೆ. ಹೆರುವವಳು ಬಯಸಿದ ಸಂಗಾತಿ ಜೊತೆಗಿರಬೇಕೆಂದೂ ಹೇಳಿದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿತು. 2017ರ ‘ಲಕ್ಷ್ಯ’ ಕಾರ್ಯಕ್ರಮ ಗೌರವಯುತ ಹೆರಿಗೆ ಸೇವೆಯನ್ನೇ ಗುರಿಯಾಗಿಸಿಕೊಂಡಿತು. ‘ಕೂಗಬೇಡ, ಆಗ ಗೊತ್ತಾಗಲಿಲ್ಲವೇ’ ಎಂದು ಬೈಯುವ ಹೆರಿಗೆ ಕೋಣೆಗಳ ಕಥೆ ಕೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಆಸ್ಪತ್ರೆ ನಡೆಸುವ ನಮ್ಮ ಭಗಿನಿಯರಲ್ಲಿ ವಿನಂತಿ: ಗೋಡೆಯ ಮೇಲಿನ ಶಿಲುಬೆಗೆ ಹೊಂದುವ ಮಾತು ಆ ಕೋಣೆಯಲ್ಲಿ ಕೇಳಿಬರಲಿ.

ಒಂದು ಚಿಕ್ಕ ಎಚ್ಚರಿಕೆ. ಬಸುರಿಯರಿಗೆಲ್ಲ ‘ಕೀಗಲ್’ ಎಂಬ ಸ್ನಾಯು ಬಿಗಿಯುವ ವ್ಯಾಯಾಮ ಹೇಳಿಕೊಡುವುದು ಈಗ ರೂಢಿ. ಈಗಾಗಲೇ ಬಿಗಿದಿರುವ ಸ್ನಾಯುಗಳಿಗೆ ಇದು ತಕ್ಕುದಲ್ಲದಿರಬಹುದು. ಇವಳು ಕಲಿಯಬೇಕಾದದ್ದು ಸಡಿಲಿಸುವುದನ್ನು. ಫಿಸಿಯೋಥೆರಪಿಸ್ಟರನ್ನು ಕೇಳದೆ ಆರಂಭಿಸುವುದು ಬೇಡ. ಡೈಲೇಟರ್ ಅಭ್ಯಾಸವನ್ನು ಬಸಿರಿನಲ್ಲಿ ಮುಂದುವರಿಸುವುದಕ್ಕೂ ವೈದ್ಯರ ಒಪ್ಪಿಗೆ ಬೇಕು.

ಹೆರಿಗೆಯಾದ ಮೇಲೆ? ಮಗು ಬಂತು, ತೊಂದರೆ ಹೋಗಿರಲೇಬೇಕೆಂದಿಲ್ಲ. ಹೊಲಿಗೆಯ ಗಾಯ, ಹಾಲೂಡಿಸುವ ಕಾಲದ ಶುಷ್ಕತೆ, ನಿದ್ರೆಯಿಲ್ಲದ ರಾತ್ರಿಗಳು ಅದನ್ನು ಹೆಚ್ಚಿಸಲೂಬಹುದು. ಆರು ವಾರ ಕಳೆಯಿತೆಂದು ಪತಿ ಕ್ಯಾಲೆಂಡರ್ ಹಿಡಿದು ನಿಲ್ಲುವಂತಿಲ್ಲ. ಮೊದಲನೆಯದರ ನಾಮಕರಣದ ಊಟ ಅರಗುವ ಮೊದಲೇ “ಎರಡನೆಯದು ಯಾವಾಗ?” ಎನ್ನುವವರ ಬಗ್ಗೆ ನಾನು ಹೆಚ್ಚು ಬರೆದರೆ ಸಂಪಾದಕರು ಕತ್ತರಿ ಹಿಡಿದಾರು.

ನಮ್ಮ ವಿವಾಹ ಸಿದ್ಧತಾ ಶಿಬಿರಗಳ ವೇಳಾಪಟ್ಟಿ ನೋಡಿದ್ದೀರಾ? ಕಾನೂನಿಗೆ ಒಂದು ಗಂಟೆ, ಹಣಕಾಸಿಗೆ ಒಂದು ಗಂಟೆ, ಸಂಸ್ಕಾರದ ದೈವಶಾಸ್ತ್ರಕ್ಕೆ ಎರಡು. ದೇಹದ ವಿಷಯ ಬಂದಾಗ ‘ಇನ್ನುಳಿದದ್ದು ನಿಮಗೇ ಗೊತ್ತು’ ಎಂಬ ಒಂದು ನಗು. ಗೊತ್ತಿಲ್ಲ ಎಂಬುದೇ ಸತ್ಯ. ನಮ್ಮ ಕುಟುಂಬ ಆಯೋಗಗಳು ಆ ವೇಳಾಪಟ್ಟಿಯಲ್ಲಿ ಮಹಿಳಾ ವೈದ್ಯರೊಬ್ಬರಿಗೆ ಒಂದು ಪೂರ್ಣ ಗಂಟೆ ಕೊಡಲಿ. ವಧುಗಳಿಗೂ ವರರಿಗೂ, ಗುರುಗಳು ಹೊರಗೆ ನಿಂತಿರುವಾಗ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಯುವ ಅವಕಾಶವಿರಲಿ. ಮದುವೆಯಾಗಿ ಮೂರು ತಿಂಗಳಾದರೂ ಸಂಗಮ ಸಾಧ್ಯವಾಗದಿದ್ದರೆ, ನೋವಿದ್ದರೆ, ಯಾರನ್ನು ಕಾಣಬೇಕೆಂಬ ವಿಳಾಸ ಶಿಬಿರದ ಪ್ರಮಾಣಪತ್ರದ ಹಿಂಬದಿಯಲ್ಲಿ ಅಚ್ಚಾಗಿರಲಿ. ಆ ಪ್ರಮಾಣಪತ್ರವನ್ನು ಮದುವೆಯ ಕಡತಕ್ಕೆ ಸೇರಿಸುವ ಮೊದಲು ಅದರ ಒಂದು ಪ್ರತಿಯನ್ನು ವಧುವಿನ ಕೈಗೇ ಕೊಡಿ, ಅವಳ ತಂದೆಯ ಕೈಗಲ್ಲ.